ಆರು ರನ್ನುಗಳ ಲೆಕ್ಕ

ಪಕ್ಕದೂರಿನ ತಂಡದ ಎದುರು ಸೋತದ್ದನ್ನು ನಮ್ಮ ಇಟಗಿಯ ಹುಡುಗರು ಬೇಗ ಮರೆಯುವವರಲ್ಲ. ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವೆಯೂ ರಣಜಿ ಟ್ರೋಫಿಯಲ್ಲಿ ಇಂಥದೇ ಒಂದು ಹಳೆಯ ಲೆಕ್ಕವಿದೆ.

1958-59ರಿಂದ 1972-73ರವರೆಗೆ ಸತತ 15 ಬಾರಿ ರಣಜಿ ಗೆದ್ದದ್ದು ಮುಂಬಯಿ. ಬೇರೆ ರಾಜ್ಯಗಳವರು ಎರಡನೆಯ ಸ್ಥಾನಕ್ಕಾಗಿ ಆಡುತ್ತಿದ್ದರು ಎಂದರೂ ತಪ್ಪಾಗದು. ಆ ಸರಪಳಿ ಕಡಿದದ್ದು 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ಮೈಸೂರು ರಾಜ್ಯ ಕರ್ನಾಟಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಹೆಸರಿನಲ್ಲಿ ತಂಡಕ್ಕೆ ಅದು ಮೊದಲ ಋತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ಮೊತ್ತವನ್ನು 385ಕ್ಕೆ ಒಯ್ದರು. ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ನೆಲೆಯೂರಿದ್ದ ವಾಡೇಕರ್ ಜಾರಿ ಬಿದ್ದು ರನ್ ಔಟಾದರು. ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರೇ ಗೆದ್ದಂತೆ ಎಂಬುದು ರಣಜಿಯ ನಿಯಮ. 78 ರನ್ನುಗಳ ಮುನ್ನಡೆ ಸಾಕಾಯಿತು. ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ಗೆಲುವು ಹಾಗಿರಲಿ, ಸೋಲಿನ ಕಥೆಯೇ ಹೆಚ್ಚು ಸ್ವಾರಸ್ಯದ್ದು. 2010ರ ಜನವರಿಯ ಫೈನಲ್ ನಡೆದದ್ದು ದೊಡ್ಡ ಸ್ಟೇಡಿಯಮ್ಮಿನಲ್ಲಲ್ಲ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಮೈದಾನದಲ್ಲಿ. ಕಾಲೇಜು ಹುಡುಗರು ಸುತ್ತಲಿನ ಮರಗಳನ್ನೇ ಗ್ಯಾಲರಿ ಮಾಡಿಕೊಂಡರು. ಮುಂಬಯಿ 233, ಕರ್ನಾಟಕ ಬರೀ 130. ಎರಡನೆಯ ಸರದಿಯಲ್ಲಿ ಮುಂಬಯಿ 234 ಗಳಿಸಿ 338ರ ಗುರಿ ಮುಂದಿಟ್ಟಿತು. ಆ ಪಿಚ್ಚಿನಲ್ಲಿ ಅದು ಬೆಟ್ಟವೇ. ಆದರೆ 20ರ ಹರೆಯದ ಮನೀಷ್ ಪಾಂಡೆ ಮತ್ತು ಗಣೇಶ್ ಸತೀಶ್ ಇನ್ನೂರು ದಾಟಿದ ಜತೆಯಾಟವಾಡಿದರು. ಪಾಂಡೆ 144, ಸತೀಶ್ 75. ಪಂದ್ಯ ಕೈಗೆ ಬಂದಿತ್ತೆನ್ನಬೇಕು. ಇವರಿಬ್ಬರೂ ಹೋದ ಮೇಲೆ ಉಳಿದವರು ನಿಲ್ಲಲಿಲ್ಲ. ಅಗರ್ಕರ್ ಐದು ವಿಕೆಟ್ ಕಿತ್ತರು. ಕರ್ನಾಟಕ 331ಕ್ಕೆ ಆಲೌಟ್. ಆರು ರನ್ನುಗಳ ಸೋಲು. ಮೊದಲ ಸರದಿಯ ಆ 130ಕ್ಕೆ ಇನ್ನೊಂದು ಹತ್ತು ಸೇರಿದ್ದರೆ ಎಂದು ಕೈಕೈ ಹಿಸುಕಿಕೊಂಡವರು ಮೈಸೂರಿನಲ್ಲಷ್ಟೇ ಅಲ್ಲ, ಇತ್ತ ಯಲಬುರ್ಗಾ ಸೀಮೆಯಲ್ಲೂ ಇದ್ದರು.

ಐದು ವರ್ಷಗಳ ನಂತರ, 2015ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಇದೇ ತಂಡಗಳು ಎದುರಾದವು. ಈ ಸಲವೂ ಕರ್ನಾಟಕ ಕಲೆಹಾಕಿದ್ದು ದೊಡ್ಡ ಮೊತ್ತವೇನಲ್ಲ, 202. ವಿನಯ್ ಕುಮಾರ್ 20 ರನ್ ಕೊಟ್ಟು ಆರು ವಿಕೆಟ್ ಪಡೆದರು. ಮುಂಬಯಿಯ ಮೊದಲ ಇನಿಂಗ್ಸ್ 44ಕ್ಕೆ ಮುಗಿದುಹೋಯಿತು.