ದಮ್ಮು ಹತ್ತುವ ಎದೆ, ನಡೆಯಬೇಕಾದ ಕಾಲು

ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಹೃದಯ ವೈಫಲ್ಯ ಇರುವವರಿಗೆ ಹಿತ್ತಲಿನ ಬಚ್ಚಲಿಗೆ ಹೋಗಿ ಬರುವುದೇ ಕೆಲವು ದಿನ ಅಷ್ಟು ಎತ್ತರ. ‘ದಮ್ಮು ಹತ್ತತೈತ್ರಿ’ ಎನ್ನುತ್ತಾರೆ, ಸಂಜೆಗೆ ಪಾದ ಬಾತಿರುತ್ತದೆ. ಮಗ ಹೊಲದ ಕೆಲಸ ಬಿಡಿಸುತ್ತಾನೆ, ಸೊಸೆ ಕೊಡ ಮುಟ್ಟಗೊಡುವುದಿಲ್ಲ: ‘ನೀವು ಸುಮ್ಮಕ ಕೂಡ್ರಿ.’

ಹಿಂದೆ ವೈದ್ಯರೂ ಇದನ್ನೇ ಹೇಳುತ್ತಿದ್ದರು. 1988ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು, 1990ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು ಬೆರಳೆಣಿಕೆಯ ರೋಗಿಗಳಿಗೆ ಕ್ರಮಬದ್ಧ ವ್ಯಾಯಾಮ ಮಾಡಿಸಿ ನೋಡಿದರು. ದಣಿವು ಇಳಿಯಿತು. ಡ್ಯೂಕ್‌ನವರ ಅಳತೆಯಲ್ಲಿ ಹೃದಯ ರಕ್ತ ತಳ್ಳುವ ಬಲ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಸುಧಾರಿಸಿದ್ದು ಕಾಲು! ಕೂತಲ್ಲೇ ಕೂತರೆ ತೊಡೆ, ಮೀನಖಂಡದ ಸ್ನಾಯು ಕರಗುತ್ತದೆ, ರಕ್ತನಾಳಗಳು ಬೇಕಾದಾಗ ಹಿಗ್ಗುವುದನ್ನು ಮರೆಯುತ್ತವೆ. ಬಂದ ಆಮ್ಲಜನಕವನ್ನು ಹೀರಿಕೊಳ್ಳಲಾಗದ ಸ್ನಾಯು ಬೇಗ ಸೋತು ಉಸಿರಾಟವನ್ನೂ ಏರಿಸುತ್ತದೆ. ಅಂದರೆ ದಮ್ಮಿನ ಒಂದು ಪಾಲು ಎದೆಯದು, ಇನ್ನೊಂದು ಪಾಲು ಕಾಲಿನದು. ಎರಡನೆಯದನ್ನು ತಿದ್ದಬಹುದು.

ದೊಡ್ಡ ಪರೀಕ್ಷೆ ನಡೆದದ್ದು ‘ಎಚ್ಎಫ್-ಆ್ಯಕ್ಷನ್’ ಹೆಸರಿನಲ್ಲಿ. ಅಮೆರಿಕ, ಕೆನಡಾ, ಫ್ರಾನ್ಸ್‌ನ 2,331 ರೋಗಿಗಳು; ಫಲಿತಾಂಶ ಬಂದದ್ದು 2009ರಲ್ಲಿ. ವ್ಯಾಯಾಮದಿಂದ ಅಪಾಯ ಹೆಚ್ಚಲಿಲ್ಲ. ಸಾವು ಅಥವಾ ಆಸ್ಪತ್ರೆ ಸೇರುವ ಸಂಭವ, ರೋಗದ ತೀವ್ರತೆಯನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ, ಶೇ 11ರಷ್ಟು ಕಡಿಮೆ. ಪವಾಡವೇನಲ್ಲ. ಹೇಳಿದಷ್ಟು ಹೊತ್ತು ವ್ಯಾಯಾಮ ಮಾಡಿದವರೇ ಅರ್ಧಕ್ಕಿಂತ ಕಡಿಮೆ ಎಂಬುದನ್ನೂ ನೆನಪಿಡಬೇಕು.

ಇನ್ನು ನಮ್ಮ ದೇಶದ ಕಡೆ ನೋಡಿದರೆ, ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ 1,205 ಮಂದಿಯ ದಾಖಲೆ ಇಟ್ಟರು. ಸರಾಸರಿ ವಯಸ್ಸು 61. ಶೇ 72ರಷ್ಟು ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳದ ಕಾಯಿಲೆ. ಈಗ ಕರ್ನಾಟಕದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವಂತಾಗಿದೆ. ಜೀವ ಉಳಿಯುತ್ತದೆ, ಪೆಟ್ಟು ತಿಂದ ಹೃದಯ ಹೊತ್ತು ಊರಿಗೆ ಮರಳುವವರೂ ಹೆಚ್ಚುತ್ತಾರೆ. ಅವರ ಮುಂದಿನ ವರ್ಷಗಳ ಬಗ್ಗೆ ಮಾತು ಕಡಿಮೆ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಯವರು ವ್ಯಾಯಾಮಕ್ಕಾಗಿ ಬೆಂಗಳೂರಿನ ಜಿಮ್ ಹುಡುಕಬೇಕಿಲ್ಲ. ಆದರೆ ಮೊದಲ ಹೆಜ್ಜೆ ವೈದ್ಯರ ಎದುರಿಗೇ ಇಡಬೇಕು. 2015ರಿಂದ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜಿದೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ ಎಂದು ಅಳೆಯಲು 30 ಮೀಟರ್ ಪಡಸಾಲೆ, ಒಂದು ಗಡಿಯಾರ ಸಾಕು. ಆಮೇಲೆ ದಿನಕ್ಕೆ ಐದೋ ಹತ್ತೋ ನಿಮಿಷದ ಸಮತಟ್ಟು ನಡಿಗೆ, ವಾರ ವಾರಕ್ಕೂ ತುಸು ಹೆಚ್ಚು. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ. ನಾಡಿ ಎಣಿಸುವುದು ಇಲ್ಲಿ ಕೈಕೊಡುತ್ತದೆ, ಏಕೆಂದರೆ ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನೇ ತಗ್ಗಿಸಿರುತ್ತದೆ. ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಬಂದರೆ ವೇಗ ಸರಿ. ಮಾತು ತುಂಡಾದರೆ ನಿಧಾನಿಸಬೇಕು.

ಈ ಸೀಮೆಯ ಬಿಸಿಲು ಬೇರೆಯೇ ಲೆಕ್ಕ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ಕಡೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ತಲೆ ತಿರುಗಿ ಬೀಳುವ ಭಯವಿದೆ. ಸೂರ್ಯ ಏರುವ ಮುಂಚೆಯೇ ನಡಿಗೆ ಮುಗಿಯಬೇಕು. ಎದೆನೋವು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಬೇಕು. ಎರಡು-ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದರೆ ಅದು ಒಳಗೆ ನಿಂತ ನೀರು. ಅಂದಿನ ನಡಿಗೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು.