ಪುಟಾಣಿಗಳೊಂದಿಗೆ ಆಟದ ಉದ್ಯಾನಕ್ಕೆ

ಬೇಸಿಗೆ ರಜೆ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಕೊಲ್ಲಿ ರಾಷ್ಟ್ರದಿಂದ ಒಂದು ತಿಂಗಳ ರಜೆಯಲ್ಲಿ ಬಂದ ತಂದೆಗೆ ಮಕ್ಕಳಿಗೆ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಆತುರ. ಬೆಂಗಳೂರಿನಾಚೆ ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಎಲ್ಲರ ಬಾಯಲ್ಲಿದೆ.

ಹೊರಡುವ ಮುನ್ನ ಮಗುವನ್ನು ಗೋಡೆಗೆ ಒರಗಿಸಿ ಅಳೆಯೋಣ. ಅಲ್ಲಿ ಮಕ್ಕಳ ಟಿಕೇಟು ನಿರ್ಧಾರವಾಗುವುದು ಎತ್ತರದಿಂದ, 85 ಸೆಂ.ಮೀ.ಗಿಂತ ಕುಳ್ಳಗಿದ್ದರೆ ಪ್ರವೇಶ ಉಚಿತ. ಮೂರು ವರ್ಷದ ಮಗು ಸಾಮಾನ್ಯವಾಗಿ 95 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಟಿಕೇಟು ಬೇಕು, ದೊಡ್ಡ ಆಟಗಳಿಗೆ ಮಾತ್ರ ಆ ಎತ್ತರ ಸಾಲದು. ಅಣ್ಣ ಒಳಹೋಗಿ ತಂಗಿ ಹೊರಗುಳಿದಾಗ ಸುರಿಯುವ ಕಣ್ಣೀರನ್ನು ಐಸ್‌ಕ್ರೀಂ ನಿಲ್ಲಿಸಲಾರದು. ಆದುದರಿಂದ ಚಿಕ್ಕವರ ಆಟಗಳನ್ನೇ ಮೊದಲು ಮುಗಿಸಿ, ಬಳಿಕ ತಂದೆತಾಯಿ ಸರದಿಯಂತೆ ದೊಡ್ಡವರೊಡನೆ ಹೋಗುವುದು ಲೇಸು.

ರಾತ್ರಿಯಿಡೀ ರೈಲಿನಲ್ಲಿ ಕುಳಿತ ಕಂದನನ್ನು ಬೆಳಿಗ್ಗೆಯೇ ನೀರಿಗಿಳಿಸುವುದು ತರವಲ್ಲ. ಒಂದು ದಿನ ವಿಶ್ರಾಂತಿಯಿರಲಿ. ಕೊಳಕ್ಕೆ ನೈಲಾನ್ ಉಡುಪು, ಮಧ್ಯಾಹ್ನ ನೆರಳಿನಲ್ಲೊಂದು ನಿದ್ದೆ, ಕೈಚೀಲದಲ್ಲಿ ಒಣಬಟ್ಟೆ ಮರೆಯಬಾರದು. ನೂಕುನುಗ್ಗಲಿನಲ್ಲಿ ಮಗು ಕೈತಪ್ಪಬಹುದು. ಅದರ ಜೇಬಿನಲ್ಲಿ ತಂದೆಯ ಫೋನ್ ನಂಬರು ಬರೆದ ಚೀಟಿಯಿರಲಿ.

ಮೂರು ತುಂಬದ ಮಕ್ಕಳಿಗೆ ಅಷ್ಟು ದೂರವೇಕೆ? ಮಂಗಳೂರಿನ ಪಿಲಿಕುಳದಲ್ಲಿ ಹುಲಿಯಿದೆ, ಕೆರೆಯಿದೆ. ಬೆಳಿಗ್ಗೆ ಹೊರಟರೆ ರಾತ್ರಿ ಮನೆಯ ಹಾಸಿಗೆಯಲ್ಲೇ ಮಲಗಬಹುದು. ದೊಡ್ಡ ಆಟಗಳು ಮಗು ಬೆಳೆಯುವ ತನಕ ಕಾಯುತ್ತವೆ. ತಂದೆಯ ರಜೆ ಕಾಯುವುದಿಲ್ಲ. ಆ ದಿನಗಳನ್ನು ಸರದಿಯ ಸಾಲುಗಳಲ್ಲಿ ಕಳೆಯದಿರೋಣ.