ಚಾಳೀಸ ಬದಲಿಸಿದ್ರೂ ಕಾಣವಲ್ದಾ?

ಖಾನಾಪುರ ಬಸ್ ಸ್ಟ್ಯಾಂಡು. ಬಸ್ ಬಂತು, ಬೋರ್ಡ್ ಮಾತ್ರ ಮಸಕ ಮಸಕ. ಬೆಳಗಾವಿದೋ, ಕಣಕುಂಬಿದೋ?

ಚಾಳೀಸಿನ ನಂಬರ್ ಬದಲಿಸಿದ್ರೂ, ಆಪರೇಷನ್ ಆದ್ರೂ ಕೆಲವರಿಗೆ ಕಾಣೋದು ಇಷ್ಟ. ಸಕ್ಕರೆ ಕಾಯಿಲೆ, ಗ್ಲಾಕೋಮಾದಿಂದ ಒಳಗಿನ ಪರದೆ ಇಲ್ಲಾ ನರನ ಕೆಟ್ಟಿದ್ರ ಗಾಜು ಏನ್ ಮಾಡೀತು? ಡಾಕ್ಟರು ಇದಕ್ಕ ಲೋ ವಿಷನ್ ಅಂತಾರ. ಪೂರಾ ಕುರುಡಲ್ಲ ನೋಡ್ರಿ. ಇದ್ದಷ್ಟು ಕಣ್ಣು, ಜೋಡಿಗೆ ಬೆರಳು, ಕಿವಿ ಬಳಸಿ ಕೆಲಸ ನಡಸಬಹುದು.

ಮೊದಲು ರೊಕ್ಕ. 500ರ ನೋಟಿನ ಎಡ-ಬಲ ಅಂಚಿಗೆ ಬೆರಳಾಡಿಸ್ರಿ: ಐದು ಉಬ್ಬು ಗೆರಿ. 100ಕ್ಕ ನಾಲ್ಕು. 200ಕ್ಕೂ ನಾಲ್ಕು, ಆದ್ರ ನಡುವ ಎರಡು ಸಣ್ಣ ಸೊನ್ನಿ. ಸವೆದ ನೋಟಿನ್ಯಾಗ ಗೆರಿ ಬೆರಳಿಗೆ ಹತ್ತೂದಿಲ್ಲ, ಖರೇ. ಆಗ ಉದ್ದ ಹೋಲಿಸ್ರಿ. 500 ಅಂದ್ರ 150 ಮಿಲಿಮೀಟರ್, 200ರದ್ದು 146, ಹೊಸ 100ರದ್ದು 142. ಅದೂ ಆಗದಿದ್ರ ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ ಐತಿ. 2020ರಾಗ ಬಂದದ್ದು. ಮೊಬೈಲ್ ಹಿಡಿದ್ರ ನೋಟು ಎಷ್ಟರದ್ದು ಅಂತ ಹೇಳ್ತದ, ಇಂಟರ್ನೆಟ್ಟೂ ಬೇಕಿಲ್ಲ. ನೆಟ್‌ವರ್ಕ್ ಸಿಗದ ಕಾಡಂಚಿನ ಹಳ್ಳಿಗೆ ಇದಕ್ಕಿಂತ ಇನ್ನೇನ್ ಬೇಕ್ರಿ!

ಮನಿಯೊಳಗ ಖರ್ಚಿಲ್ಲದ ಕೆಲಸ: ಅನ್ನಕ್ಕ ಬಿಳಿ ತಾಟು ಬ್ಯಾಡ, ಕಡುಬಣ್ಣದ್ದು ಇರಲಿ. ಮೆಟ್ಟಲ ಅಂಚಿಗೆ ಹಳದಿ ಪಟ್ಟಿ ಬಳೀರಿ. ಓದೂ ಮುಂದ ದೀಪ ಕಣ್ಣಿಗೆ ಹೊಡೀಬಾರ್ದು, ಪುಸ್ತಕದ ಮ್ಯಾಲ ಬೀಳಲಿ.

ಇನ್ನ, ತೊಂದರೆ ಶೇ. 40 ಇಲ್ಲಾ ಹೆಚ್ಚು ಅಂತ ಡಾಕ್ಟರು ಬರೆದ್ರ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಸಿಗ್ತದ. ಬೆಳಗಾವಿ ಬಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಾಗ ವಿಚಾರಿಸ್ರಿ. ಬಸ್ ಯಾವೂರದ್ದು ಅಂತ ಕಂಡಕ್ಟರ್‌ಗೆ ಕೇಳಾಕ ಮಾತ್ರ ನಾಚಬ್ಯಾಡ್ರಿ.